ಏಳನೇ ಮಾಹಿತಿದಾರಳು

ದೇವಿಕಾ ಮಕ್ತಲ್‌ನಲ್ಲಿ ಬಸ್ ಇಳಿದು, ಆಟೋ ಹಿಡಿದು ದೊಡ್ಡವ್ವನ ಊರಿಗೆ ಬಂದಾಗ ಹೊತ್ತು ಏರಿತ್ತು. ದೊಡ್ಡವ್ವ ಕುರುಮಮ್ಮ ದೊಡ್ಡಿಯ ಮುಂದೆ ಕೂತು ಕುಂಟುತ್ತಿದ್ದ ಕುರಿಯ ಗೊರಸಿಗೆ ಬೇವಿನೆಣ್ಣೆ ಹಚ್ಚುತ್ತಿದ್ದಳು. ತಂಗಿಯ ಮಗಳನ್ನು ಕಂಡು ಕೈ ಒರೆಸಿಕೊಂಡು, ಬುಕ್ಕು ತಂದಿಯೇನು ಎಂದು ಕೇಳಿದಳು.

ಕುರುಬರ ದೇವರು ಬೀರಪ್ಪನ ಹಾಡುಗಳ ಮೇಲೆ ದೇವಿಕಾ ಇಂಗ್ಲಿಷಿನಲ್ಲಿ ಬರೆದ ಪ್ರಬಂಧ ಅದು. ತೆಲಂಗಾಣ ಬೇರೆ ರಾಜ್ಯವಾದ ಮೂರನೇ ವರ್ಷ ಶುರು ಮಾಡಿದ್ದು. ಮೂರು ಬೇಸಿಗೆ ಇದೇ ಅಂಗಳದಲ್ಲಿ ಕೂತು ಹಾಡು ಬರೆದುಕೊಂಡಿದ್ದಳು. ಗುಡಿಯ ಮುಂದೆ ಡೊಳ್ಳು ಬಡಿದು ಹಾಡುವವರು ಗಂಡಸರು. ಅವರಿಗೆ ಮರೆತ ಸಾಲು ಕೊಡುತ್ತಿದ್ದವಳು ಕುರುಮಮ್ಮ. ತನ್ನ ತಮ್ಮ ನಾಗಯ್ಯನಿಗೆ ಹಾಡು ಕಲಿಸಿದವಳೂ ಅವಳೇ. ಅದನ್ನು ಇದುವರೆಗೆ ಯಾರೂ ಹೇಳಿರಲಿಲ್ಲ. ಬುಕ್ಕಿನಲ್ಲಿ ನಿನ್ನ ಹೆಸರು ಬರುತ್ತದೆ, ಇಂಗ್ಲಿಷಿನಲ್ಲಿ ಹೆಸರು ಯಾರದಾದರೂ ದೊಡ್ಡಕ್ಷರದಿಂದಲೇ ಶುರು ಎಂದು ದೇವಿಕಾ ಮಾತು ಕೊಟ್ಟಿದ್ದಳು. ಕುರುಮಮ್ಮ ಅದನ್ನು ನಳದ ಹತ್ತಿರ ನಾಲ್ಕು ಮಂದಿಗೆ ಹೇಳಿಕೊಂಡೂ ಇದ್ದಳು.

“ನನ್ನ ಹೆಸರ ಮ್ಯಾಲ ಬಟ್ಟು ಇಟ್ಟು ತೋರ್ಸವ್ವ.”

ದೇವಿಕಾ ಹಾಳೆ ತಿರುವಿದಳು. ವಿಶ್ವವಿದ್ಯಾಲಯದ ಬರವಣಿಗೆಯ ನಿಯಮವನ್ನು ಇವಳಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ದೊಡ್ಡವ್ವ ಎಂಬ ಮಾತು ಪ್ರಬಂಧದಲ್ಲಿ ಬರಕೂಡದು. ಬಾಯಿಂದ ಹೇಳಿದವರಿಗೆ ಹೆಸರಿಲ್ಲ, ಸಂಖ್ಯೆ. ಗೈಡ್ ಅವಳ ಹೆಸರಿದ್ದ ಕಡೆಯೆಲ್ಲ ಕೆಂಪು ಗೆರೆ ಎಳೆದಿದ್ದರು. ದೇವಿಕಾ ತಿದ್ದಿದ್ದಳು.

“ಏಳನೇ ಮಾಹಿತಿದಾರಳು ಅಂತೈತಲ್ಲ, ಅದು ನೀನ ದೊಡ್ಡವ್ವ.”

ಕುರುಮಮ್ಮ ಆ ಜಾಗದ ಮೇಲೆ ಬೆರಳಿಟ್ಟಳು. “ಸರ್ಕಾರ ಕೊಟ್ಟ ಕುರಿಗೂ ಕಿವ್ಯಾಗ ನಂಬರ ಐತಿ. ದೊಡ್ಡಿಗೆ ಬಂದ ಮರುದಿನ ನಾ ಹೆಸರಿಟ್ಟೀನಿ.” ಹಾಗೆಂದು ತಾನೇ ಸ್ವಲ್ಪ ನಕ್ಕಳು. ಆಮೇಲೆ, ಪುಟದ ಕೆಳಗಿರುವ ಆ ದೊಡ್ಡಕ್ಷರದ ಹೆಸರು ಯಾರದೆಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ನಾಗಯ್ಯ ಮಾವನದು ಎಂದಳು ದೇವಿಕಾ. ಅವನ ಹಾಡಿನ ಪುಸ್ತಕ ಗದ್ವಾಲದಲ್ಲಿ ಅಚ್ಚಾಗಿತ್ತು. ಅಚ್ಚಾದದ್ದಕ್ಕೆ ಹೆಸರು ಹಾಕಲೇಬೇಕು: ಹೆಸರು, ಕಾಮಾ, ಇಸವಿ, ಕಾಮಾ, ಪುಟ.

“ಅವು ನಾ ಕಲಿಸಿದ ಹಾಡು.”

“ಗೊತ್ತೈತಿ ದೊಡ್ಡವ್ವ.”

ಈಗ ಹೆಸರು ಹಾಕಿಸಲು ಹೋದರೆ ಪದವಿ ಒಂದು ವರ್ಷ ಮುಂದೆ ಹೋಗುತ್ತದೆ ಎಂದು ದೇವಿಕಾ ವಿವರಿಸಿದಳು. ಹೋಗಲಿ ಬಿಡು ಎಂದು ದೊಡ್ಡವ್ವನೇ ಹೇಳಲಿ ಎಂದು ಕಾದಳು. ಕುರುಮಮ್ಮ ಹಾಗೆ ಹೇಳಲಿಲ್ಲ, ಬೈಯಲೂ ಇಲ್ಲ. ಒಳಗೆ ಹೋಗಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು.

ಊಟವಾದ ಮೇಲೆ ದೇವಿಕಾ ರೆಕಾರ್ಡ್ ಮಾಡಲು ಫೋನು ತೆಗೆದಳು. ಬೀರಪ್ಪನ ಅಕ್ಕನ ಹಾಡು ಹೋದ ಸಲ ಅರ್ಧಕ್ಕೆ ನಿಂತಿತ್ತು, ಪೂರ್ತಿ ಮಾಡಿಬಿಡೋಣವೇ ಎಂದು ಮೆಲ್ಲಗೆ ಕೇಳಿದಳು.

“ನಾಗಯ್ಯನ್ನ ಕೇಳವ್ವ. ಅವನ ಹೆಸರೈತಲ್ಲ.”

ಆ ಹಾಡು ನಾಗಯ್ಯನಿಗೆ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ದೇವಿಕಾ ಫೋನನ್ನು ನೆಲದ ಮೇಲಿಟ್ಟು ಇನ್ನಷ್ಟು ಹೊತ್ತು ಕೂತಳು. ಕುರುಮಮ್ಮ ತಾಟು ತೊಳೆದಳು, ಕುರಿಗಳಿಗೆ ನೀರಿಟ್ಟಳು, ದೊಡ್ಡಿ ಗುಡಿಸಿದಳು. ಕೆಲಸ ಮಾಡುವಾಗ ಸದಾ ಏನಾದರೂ ಗುನುಗುತ್ತಿದ್ದವಳು ಆ ಮಧ್ಯಾಹ್ನ ಬಾಯಿ ಬಿಡಲಿಲ್ಲ.