ಗೇರ್‌ಬಾಕ್ಸ್ ಕಡೆಯಿಂದ ಒಂದು

ನಾನು ಕಾರುಗಳ ಕಾಯಿಲೆ ಓದುವ ಒಂದು ಸ್ಕ್ಯಾನರ್. ಯಾವುದೋ ದೂರದ ಕಾರ್ಖಾನೆಯಲ್ಲಿ ಹುಟ್ಟಿದೆ. ಅಂಗೈಯಗಲದ ಪರದೆ, ನಾಲ್ಕು ಗುಂಡಿ, ಗಜ ಉದ್ದದ ಕೇಬಲ್, ಇಷ್ಟೇ ನನ್ನ ಮೈ. ಕೇಬಲ್ಲಿನ ತುದಿಯನ್ನು ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿದರೆ ಕಾರು ತನ್ನ ನೋವನ್ನು ನನಗೆ ಹೇಳುತ್ತದೆ. ನಾನು ಅದನ್ನು ಒಂದು ಸಂಖ್ಯೆ ಮಾಡಿ ತೋರಿಸುತ್ತೇನೆ. ಅದಕ್ಕಿಂತ ಹೆಚ್ಚಿಗೆ ಒಂದು ಮಾತೂ ನನಗೆ ಬಾರದು.

ಮೊದಲ ಎರಡು ವರ್ಷ ಒಂದು ತರಬೇತಿ ಶಾಲೆಯ ಗಾಜಿನ ಬೀರುವಿನಲ್ಲಿ ಕೂತಿದ್ದೆ. ಸಾಹೇಬರು ತಪಾಸಣೆಗೆ ಬಂದ ದಿನ ಮಾತ್ರ ಧೂಳು ಒರೆಸುತ್ತಿದ್ದರು. ಆಮೇಲೆ ಹಳೇ ಸಾಮಾನಿನ ಜೊತೆ ಹರಾಜಾಗಿ ದಾವಣಗೆರೆಯ ಓಂಕಾರಪ್ಪ ಮೇಸ್ತ್ರಿಯ ಗ್ಯಾರೇಜು ಸೇರಿದೆ.

ಮೇಸ್ತ್ರಿ ಲಾರಿಗಳ ಮೇಲೆ ಕೆಲಸ ಕಲಿತವರು. ಮರದ ಹಿಡಿಯ ಉದ್ದ ಸ್ಕ್ರೂಡ್ರೈವರ್ ಒಂದಿತ್ತು. ತುದಿಯನ್ನು ಎಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಯುಧಪೂಜೆಯಲ್ಲಿ ಮೊದಲ ವಿಭೂತಿ ಅದಕ್ಕೇ. ನನಗೇನೂ ಹೊಟ್ಟೆಕಿಚ್ಚಿರಲಿಲ್ಲ. ಆ ಕಿವಿ ಹೇಳಿದ್ದನ್ನು ನಾನೂ ಹೇಳಿದಾಗ ಅವರ ಮುಖ ಅರಳುತ್ತಿತ್ತು, ನನಗೂ ಹಿಗ್ಗಾಗುತ್ತಿತ್ತು.

ಒಂದು ಮಧ್ಯಾಹ್ನ ಟ್ಯಾಕ್ಸಿ ಓಡಿಸುವ ಹಾಲೇಶ ತನ್ನ ಡೀಸೆಲ್ ಕಾರು ತಂದ. ನಿಂತಲ್ಲೇ ಗಡಗಡ ನಡುಗುತ್ತಿತ್ತು. ಮೇಸ್ತ್ರಿ ನನ್ನನ್ನು ಸಿಕ್ಕಿಸಿದರು. ಪರದೆಯ ಮೇಲೆ ಪಿ ಸೊನ್ನೆ ಎರಡು ಆರು ಮೂರು ಬಂತು. ಒಂದನೇ ಸಿಲಿಂಡರು ಉಳಿದ ಮೂರಕ್ಕೆ ಸಮನಾಗಿ ದುಡಿಯುತ್ತಿಲ್ಲ ಎಂದು ಅದರ ಅರ್ಥ.

ಅವರು ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳ ವೈರನ್ನು ಒಂದೊಂದಾಗಿ ಕಿತ್ತು ಸದ್ದಿಗೆ ಕಿವಿಗೊಟ್ಟರು. ಗೇರ್‌ಬಾಕ್ಸ್ ಪಕ್ಕದ್ದನ್ನು ಕಿತ್ತಾಗ ಮಾತ್ರ ಎಂಜಿನ್ನಿನ ಸದ್ದು ಬದಲಾಗಲಿಲ್ಲ, ಅಂದರೆ ಕೆಟ್ಟದ್ದು ಅದೇ.

"ನನ್ನ ಕಿವಿ ನಾಕನೇದು ಅಂತತಿ ಹಾಲೇಶ."

"ಮಿಷನ್ನು ಒಂದು ಅಂತ ತೋರಿಸ್ತಲ್ಲ ಮೇಸ್ತ್ರಿ. ಅದು ಸುಳ್ಳು ಹೇಳತ್ತಾ?"

ಮೇಸ್ತ್ರಿ ಸಿಲಿಂಡರುಗಳನ್ನು ಯಾವಾಗಲೂ ಗೇರ್‌ಬಾಕ್ಸಿಗೆ ಎದುರು ತುದಿಯ ಬೆಲ್ಟ್ ಕಡೆಯಿಂದ ಎಣಿಸುತ್ತಿದ್ದರು. ಲಾರಿಯಲ್ಲಿ ಹಾಗೇ ಕಲಿತಿದ್ದರು. ಈ ಕಾರಿನ ಎಂಜಿನ್ ಮಾಡಿದವರು ಎಣಿಸುವುದು ಗೇರ್‌ಬಾಕ್ಸ್ ಕಡೆಯಿಂದ. ಅವರ ನಾಲ್ಕೂ ನನ್ನ ಒಂದೂ ಒಂದೇ ಸಿಲಿಂಡರು! ಇದು ನನಗೆ ಗೊತ್ತಿತ್ತು. ಹೇಳಲು ಬಾಯಿರಲಿಲ್ಲ. ಅವರು ಮತ್ತೆ ಗುಂಡಿ ಒತ್ತಿದರು, ನಾನು ಮತ್ತೆ ಅದೇ ಸಂಖ್ಯೆ ತೋರಿಸಿದೆ. ನಾಚಿಕೆಯಾಯಿತು.

ಕೊನೆಗೆ ಕಿವಿಯನ್ನು ಬಿಟ್ಟು ನನ್ನನ್ನು ನಂಬಿ, ತಮ್ಮ ಎಣಿಕೆಯ ಒಂದನೇದನ್ನು, ಬೆಲ್ಟ್ ಪಕ್ಕದ ಇಂಜೆಕ್ಟರನ್ನು, ಬಿಚ್ಚಿ ತೊಳೆದು ಕೂರಿಸಿದರು. ಕಾರು ನಡುಗುತ್ತಲೇ ಹೋಯಿತು. ವಾರದ ಮೇಲೆ ಹಾಲೇಶ ನಗುತ್ತಾ ಬಂದ.

"ಹುಬ್ಬಳ್ಳೀಲಿ ಸರಿ ಮಾಡಿಸಿದೆ. ಒಂದನೇ ಇಂಜೆಕ್ಟರೇ ಹೋಗಿತ್ತಂತೆ. ನಿಮ್ಮ ಮಿಷನ್ನು ಹೇಳಿದ್ದು ಖರೇನೇ ಐತಿ."

ಮೇಸ್ತ್ರಿ ಬಲಗಿವಿಯನ್ನು ಒಮ್ಮೆ ಉಜ್ಜಿಕೊಂಡರು. ಆವತ್ತಿನಿಂದ ಆ ಸ್ಕ್ರೂಡ್ರೈವರ್ ಡ್ರಾಯರ್ ಸೇರಿತು. ಯಾವ ಕಾರು ಬಂದರೂ ನನ್ನನ್ನೇ ಮುಂದಿಟ್ಟು, ನಾನು ತೋರಿಸಿದ್ದನ್ನು ಹೆದರುತ್ತಾ ಓದುತ್ತಿದ್ದರು. ಆ ವರ್ಷ ಆಯುಧಪೂಜೆಯಲ್ಲಿ ಮೊದಲ ವಿಭೂತಿ ನನಗೆ ಬಂತು. ಅಷ್ಟು ಸಂಕಟ ನನಗೆ ಇನ್ನಾವತ್ತೂ ಆಗಿಲ್ಲ. ಮರುವರ್ಷ ಅವರು ಎಂಜಿನ್ ಮುಟ್ಟುವುದನ್ನೇ ಬಿಟ್ಟರು.

ಈಗ ಗ್ಯಾರೇಜು ಅವರ ಮಗಳು ಚಂಪಾಳದು. ಅವಳ ಬಳಿ ಚಿತ್ರ ತೋರಿಸುವ ಹೊಸ ಯಂತ್ರವಿದೆ. ಪರದೆ ಬಿರುಕು ಬಿಟ್ಟ ನಾನು ಡ್ರಾಯರಿನಲ್ಲಿ ಆ ಸ್ಕ್ರೂಡ್ರೈವರ್ ಪಕ್ಕ ಮಲಗಿದ್ದೇನೆ. ಮೇಸ್ತ್ರಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ಹೋದ ತಿಂಗಳು ಹಾಲೇಶನದರಂಥದ್ದೇ ಇನ್ನೊಂದು ಕಾರು ಬಂತು. ಚಂಪಾ ಡ್ರಾಯರ್ ತೆಗೆದು ಸ್ಪ್ಯಾನರ್ ಹುಡುಕುತ್ತಿದ್ದಳು. ಕಣ್ಣು ಹೊಸ ಯಂತ್ರದ ಮೇಲಿತ್ತು.

"ಅಪ್ಪಾಜಿ, ಇಲ್ನೋಡು, ಈ ಗಾಡೀಲಿ ಗೇರ್‌ಬಾಕ್ಸ್ ಕಡೆಯಿಂದ ಒಂದಂತೆ! ನಾವು ನಾಕು ಅನ್ನೋದು ಇವರಿಗೆ ಒಂದು."

ಆರು ವರ್ಷ ಕಾದ ಮಾತು. ಈ ಆರು ವರ್ಷದಲ್ಲಿ ಮೇಸ್ತ್ರಿಯ ಕಿವಿ ನಿಜವಾಗಿಯೂ ಹೋಗಿತ್ತು. ಅವರು ಮಗಳ ಮುಖ ನೋಡಿ ನಕ್ಕು, ತಲೆಯಾಡಿಸಿದರು.

"ಹ್ಞೂಂ, ಮಳಿ ಬರಂಗೈತಿ. ಬಟ್ಟಿ ಒಳಗ ತಗಳವ್ವ."

ಚಂಪಾ ನಕ್ಕಳು. ಆ ಮಾತಿನ ಬೆಲೆ ಅವಳಿಗೇನು ಗೊತ್ತು! ಇನ್ನೊಂದು ಸಲ ಹೇಳು ತಾಯಿ, ಹತ್ತಿರ ಹೋಗಿ ಕೂಗಿ ಹೇಳು ಎಂದು ಬೇಡಿಕೊಂಡೆ. ನನ್ನಲ್ಲಿದ್ದದ್ದು ಆ ಒಂದು ಸಂಖ್ಯೆ ಮಾತ್ರ. ಅವಳು ಸ್ಪ್ಯಾನರ್ ತೆಗೆದುಕೊಂಡು ಡ್ರಾಯರ್ ಮುಚ್ಚಿದಳು.