ಒಂದು ನೂಲು ಕಡಿಮೆ

ನಾನು ಒಂದು ಕಾರು. ಬರೀ ಕಾರು ಎಂದುಬಿಟ್ಟರೆ ನನಗೆ ಸಿಟ್ಟು ಬರುತ್ತದೆ. ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಉದ್ದನೆಯ ಮೂತಿ, ಮೈಯೆಲ್ಲ ಕೆಂಪು. ಸಾಮಾನು ಹೊರುವುದಕ್ಕಾಗಲಿ ಸಂಸಾರ ಸಾಗಿಸುವುದಕ್ಕಾಗಲಿ ನನ್ನನ್ನು ಯಾರೂ ಮಾಡಲಿಲ್ಲ. ಓಡುವುದಕ್ಕೆಂದೇ ಹುಟ್ಟಿದವಳು ನಾನು.

ಹುಟ್ಟಿದ್ದು ೧೯೫೭ರಲ್ಲಿ, ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಬಂದೆ. ಒಬ್ಬ ಬಟ್ಟೆ ಗಿರಣಿಯ ಮ್ಯಾನೇಜರು ನನ್ನನ್ನು ಒಂಬತ್ತು ವರ್ಷ ಇಟ್ಟುಕೊಂಡಿದ್ದ. ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಅವನ ಬಗ್ಗೆ ಇದಕ್ಕಿಂತ ಹೆಚ್ಚು ನೆನಪಿಲ್ಲ.

ನನ್ನ ನಿಜವಾದ ಬಾಳು ಶುರುವಾದದ್ದು ಹುಬ್ಬಳ್ಳಿಯಲ್ಲಿ. ಡಾಕ್ಟರ್ ವಿರೂಪಾಕ್ಷಪ್ಪ ಕುಬಸದ ನನ್ನನ್ನು ಕೊಂಡುತಂದರು. ಪಕ್ಕದ ಸೀಟಿನಲ್ಲಿ ಔಷಧದ ಚೀಲ, ತಲೆಯ ಮೇಲೆ ಕರಿ ಟೊಪ್ಪಿಗೆ, ಕಾಲಲ್ಲಿ ಕೊಲ್ಹಾಪುರಿ ಚಪ್ಪಲಿ. ಇಂಥ ವೇಷದಲ್ಲಿ ನನ್ನನ್ನು ಓಡಿಸಿದವರು ಲೋಕದಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಹೆರಿಗೆಯ ಮನೆಗಳಿಗೆ ಹೋದೆವು, ಜ್ವರದ ಮನೆಗಳಿಗೆ ಹೋದೆವು. ಹಳ್ಳಿಯ ಮುದುಕಿಯರು ನನ್ನ ಮೂತಿ ಸವರಿ, "ಯವ್ವಾ, ಎಷ್ಟ ಚಂದ ಐತಿ, ಖರೇ ಅಂದ್ರ ಕುಂಕುಮದ ಭರಣಿ," ಎನ್ನುತ್ತಿದ್ದರು. ಮ್ಯಾನೇಜರನ ಬ್ರಷ್ಷಿಗಿಂತ ಆ ಒರಟು ಕೈಗಳೇ ನನಗೆ ಹಿತವಾಗಿದ್ದವು. ಈಗಲೂ ನೆನೆದರೆ ಸಂಕಟವಾಗುತ್ತದೆ.

೧೯೭೨ರಲ್ಲಿ ನುಗ್ಗಿಕೇರಿಯ ತಿರುವಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ಡಾಕ್ಟರು ಎಡಕ್ಕೆ ಹೊರಳಿಸಿದರು. ಎಮ್ಮೆ ಉಳಿಯಿತು, ಡಾಕ್ಟರೂ ಉಳಿದರು, ನಾನು ಮೈಲುಗಲ್ಲಿಗೆ ಡಿಕ್ಕಿ ಹೊಡೆದೆ. ಎಡಗಡೆ ಮುಂದಿನ ಚಕ್ರವನ್ನು ಅಡಿಯ ಚೌಕಟ್ಟಾದ ಚಾಸಿಗೆ ಹಿಡಿದಿಡುವ ಕಬ್ಬಿಣದ ತೋಳು ಮುರಿಯಿತು. ಗ್ಯಾರೇಜಿನವರು ಅದನ್ನು ಆರ್ಮ್ ಎನ್ನುತ್ತಾರೆ. ಚಾಸಿಯೂ ಅಲ್ಲಿ ಒಳಕ್ಕೆ ಬಾಗಿತು.

ಹಳೇ ಹುಬ್ಬಳ್ಳಿಯ ಮಾನಪ್ಪ ಬಡಿಗೇರನಿಗೆ ಆಗ ಇಪ್ಪತ್ತಾರು ವರ್ಷ. ಕುಲುಮೆಯ ಕೆಲಸವೂ ಗೊತ್ತು, ಮೋಟಾರು ಕೆಲಸವೂ ಗೊತ್ತು, ಸೊಕ್ಕೂ ಸಾಕಷ್ಟಿತ್ತು. ಚಾಸಿಯನ್ನು ಆದಷ್ಟು ನೆಟ್ಟಗೆ ಮಾಡಿದ. ಆದರೂ ಎರಡು ನೂಲು, ಅಂದರೆ ಕಾಲಿಂಚು, ಒಳಗೇ ಉಳಿಯಿತು. ಅದಕ್ಕೆ ಸರಿಯಾಗಿ, ಹಳೆಯದಕ್ಕಿಂತ ಎರಡು ನೂಲು ಹೆಚ್ಚು ಉದ್ದದ ಹೊಸ ಆರ್ಮನ್ನು ತಾನೇ ಬಡಿದು ಮಾಡುತ್ತೇನೆಂದ. ಮಾಡಿದ್ದು ಒಂದು ನೂಲು ಕಡಿಮೆಯಾಯಿತು.

"ನಡುವ ಒಂದು ಪಟ್ಟಿ ಇಟ್ಟು ಕೂಡಿಸಿಬಿಡೋ ಮಾನಪ್ಪಾ, ಯಾರು ನೋಡ್ತಾರ?" ಎಂದರು ಡಾಕ್ಟರು.

"ನಾ ನೋಡ್ತೇನಲ್ರೀ," ಎಂದ ಮಾನಪ್ಪ. "ತ್ಯಾಪಿ ಹಚ್ಚೂ ಕೆಲಸ ನನ್ನ ಕಡೆ ಆಗೂದಿಲ್ಲ."

ಮತ್ತೆರಡು ದಿನ ತೆಗೆದುಕೊಂಡು ಇನ್ನೊಂದನ್ನು ಮಾಡಿದ. ಅದು ಹೂವಿನ ಹಾಗೆ ಕೂತಿತು. ಮೊದಲನೆಯದನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದ. ಅದನ್ನು ಏನು ಮಾಡಿದನೆಂದು ನಾನು ಕೇಳಲಿಲ್ಲ. ಕೇಳುವ ಬಾಯಿ ನನಗಿದ್ದರೂ ಆಗ ಕೇಳುತ್ತಿರಲಿಲ್ಲ, ಮತ್ತೆ ರಸ್ತೆಗಿಳಿಯುವ ಅವಸರ ಅಷ್ಟಿತ್ತು.

ಇಪ್ಪತ್ತೆರಡು ವರ್ಷ ಆ ತೋಳಿನ ಮೇಲೆ ಓಡಿದೆ. ಡಾಕ್ಟರು ತೀರಿಕೊಂಡ ಮೇಲೆ ದವಾಖಾನೆಯ ಹಿಂದಿನ ಶೆಡ್ಡು ಸೇರಿದೆ. ಟೈರುಗಳು ನೆಲಕ್ಕಂಟಿದವು. ಒಂದು ಬೆಕ್ಕು ಔಷಧದ ಚೀಲವಿಡುತ್ತಿದ್ದ ಸೀಟಿನಲ್ಲೇ ಮೇಲಿಂದ ಮೇಲೆ ಮರಿ ಹಾಕಿತು. ಡಾಕ್ಟರ ಚೀಲದ ಸೀಟು ಹೆರಿಗೆಗೆ ಬಂತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಇಪ್ಪತ್ತೆಂಟು ವರ್ಷದ ಮೇಲೆ ಹೋಟೆಲು ಮಾಲೀಕ ಈರಣ್ಣ ಮುನವಳ್ಳಿ ಬಂದು ನನ್ನನ್ನು ಕೊಂಡ. ಒಳ್ಳೆಯ ಮನುಷ್ಯ, ಆದರೆ ಹೊಳೆಯುವುದೆಲ್ಲ ಒಳ್ಳೆಯದೆಂದು ನಂಬಿದವನು. ಗೋಕುಲ ರಸ್ತೆಯ ಬಾಬಾಜಾನ ಮುಲ್ಲಾನ ಗ್ಯಾರೇಜಿಗೆ ನನ್ನನ್ನು ಎಳೆದೊಯ್ದ. ಬಾಬಾಜಾನ ಇಂಜಿನ್ ಬಿಚ್ಚಿ ಜೋಡಿಸಿದ. ನಾನು ಮತ್ತೆ ಉಸಿರಾಡಿದೆ. ಮುಂಗಾಲುಗಳಲ್ಲಿ, ಆರ್ಮಿನ ತೂತಿಗೆ ಕೂರಿಸುವ ರಬ್ಬರ್ ಬುಷ್ಷುಗಳು ಸವೆದು ಕಟಕಟ ಸದ್ದು ಮಾಡುತ್ತಿದ್ದವು, ಅಷ್ಟೇ.

"ಬುಷ್ ಅಷ್ಟ ಹಾಕಿದ್ರ ಸಾಕ್ರೀ," ಎಂದ ಬಾಬಾಜಾನ.

"ಅರ್ಧಾಮರ್ಧಾ ಕೆಲಸ ಬ್ಯಾಡ. ಎಲ್ಲಾ ಹೊಸಾದ ಹಾಕು," ಎಂದ ಮುನವಳ್ಳಿ. ಫೋನಿನಲ್ಲಿ ಚಿತ್ರ ನೋಡಿ ಪರದೇಶದಿಂದ ಪೂರಾ ಸೆಟ್ ತರಿಸಿದ. ಡಬ್ಬಿ ಬಂತು. ಒಳಗೆ ಬಣ್ಣ ಬಳಿದ ಆರ್ಮುಗಳು, ನೀಲಿ ಬುಷ್ಷುಗಳು. ನೋಡಲು ಮದುಮಗನ ಹಾಗಿದ್ದವು. ಹಳೆಯವನ್ನೆಲ್ಲ ಅದೇ ದಿನ ಗುಜರಿಗೆ ಹಾಕಿದರು. ಮಾನಪ್ಪನ ತೋಳೂ ಅವುಗಳ ಜೊತೆಗೇ ಹೋಯಿತು.

ಮದುಮಗನ ಬಣ್ಣ ಬೇಗ ಬಯಲಾಯಿತು. ಬುಷ್ಷುಗಳು ದಪ್ಪ, ತೂತುಗಳು ಓರೆ. ಬಲಗಡೆಯದನ್ನು ಬಾಬಾಜಾನ ಕಾನಸು ಹಾಕಿ ಉಜ್ಜಿ ಹೇಗೋ ಕೂಡಿಸಿದ. ಎಡಗಡೆಯದು ಚಾಸಿಗೆ ಮುಟ್ಟಲೇ ಇಲ್ಲ. ಮುನವಳ್ಳಿ ಪಕ್ಕದಲ್ಲೇ ನಿಂತು ಅವಸರ ಮಾಡುತ್ತಿದ್ದ. ಬಾಬಾಜಾನ ಹಾರೆಯಿಂದ ಮೀಟಿ, ನನ್ನನ್ನು ಜಾಕಿನ ಮೇಲೆ ನೇತಾಡಿಸಿಟ್ಟೇ ಬೋಲ್ಟು ಬಿಗಿದ. ನೋವಿಗೆ ಕಿರ್ರೆಂದೆ. ಹೊಸತು, ಹೊಂದಿಕೊಳ್ಳುತ್ತದೆ ಎಂದರು.

ಮೊದಲ ಸಲ ರಸ್ತೆಗಿಳಿದಾಗಲೇ ಉಣಕಲ್ ಕೆರೆಯ ಹತ್ತಿರ ರಬ್ಬರು ಹರಿಯಿತು. ನಾನು ಎಡಕ್ಕೆ ಎಳೆದೆಳೆದು, ಕಬ್ಬಿನ ಹಾಲಿನ ಅಂಗಡಿಗೆ ನುಗ್ಗುವುದೊಂದು ಬಾಕಿ. ಮುನವಳ್ಳಿ ಇಳಿದು ಬಾಗಿಲು ದಡಾರನೆ ಹಾಕಿದ.

"ಸಾಕಪ್ಪಾ ಇದರ ಸಂಗ. ಹೊಸ ಹೋಟೆಲ್ ಮುಂದ ಕಟ್ಟಿ ಕಟ್ಟಸ್ತೇನಿ. ನಾಲ್ಕೂ ಗಾಲಿಗೆ ಸಿಮೆಂಟ್ ಹಾಕಿ ನಿಲ್ಲಸೂದು. ಮಂದಿ ಫೋಟೋ ತಗಸ್ಕೋತಾರ."

ವಿಜಯದಶಮಿಗೆ ಹೋಟೆಲು ಶುರು. ಅಂದು ಬೆಳಿಗ್ಗೆಯೇ ಕ್ರೇನು ಬರಬೇಕೆಂದು ಗೊತ್ತಾಯಿತು. ಗುಜರಿಗೆ ಹೋಗುವುದಕ್ಕೂ ನಾನು ಹೆದರುವವಳಲ್ಲ. ಆದರೆ ಇಂಜಿನ್ ಗಟ್ಟಿಯಿರುವಾಗ ಕಾಲಿಗೆ ಸಿಮೆಂಟು ಹಾಕಿಸಿಕೊಳ್ಳುವುದೆಂದರೆ? ನನಗೆ ಅಳು ಬಂತು.

ನನ್ನನ್ನು ಮತ್ತೆ ಗ್ಯಾರೇಜಿಗೆ ಎಳೆದು ತಂದಿದ್ದರು. ಬಾಬಾಜಾನನಿಗೂ ಕಸಿವಿಸಿ. ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಸ್ಕೂಟರಿನಲ್ಲಿ ಒಬ್ಬ ಮುದುಕನನ್ನು ಕೂರಿಸಿಕೊಂಡು ಬಂದ. ಬೆನ್ನು ಬಾಗಿತ್ತು, ಕೈ ನಡುಗುತ್ತಿತ್ತು. ಆದರೆ ಆ ಕೈ ನನ್ನ ಎಡಗಡೆ ಚಾಸಿಯನ್ನು ಸವರಿದ ಕೂಡಲೇ ಗುರುತು ಹಿಡಿದೆ.

"ಇಲ್ಲಿ ನನ್ನ ಆರ್ಮ್ ಇತ್ತಲ್ಲೋ. ಎಲ್ಲೈತಿ?"

"ಗುಜರಿಗೆ ಹೋತು ಕಾಕಾ. ಕೇಳಿ ಬಂದೆ. ಕರಗಸಾಕ ಬೆಳಗಾವಿ ಫೌಂಡ್ರಿಗೆ ಕಳಿಸಿಬಿಟ್ಟಾರ."

ಮಾನಪ್ಪ ಬೆರಳಿನಿಂದ ಸಂದು ಅಳೆದು ನೋಡಿದ. "ಚಾಸಿ ಎರಡು ನೂಲು ಒಳಗೈತಿ. ಅಷ್ಟಕ್ಕ ಪಟ್ಟಿ ಕೊಟ್ರ ಬೋಲ್ಟು ನಟ್ಟಿಗೆ ಮುಟ್ಟೂದಿಲ್ಲ. ಹೊಸಾದು ಬಡೀಲಿಕ್ಕೆ ಈ ಕೈಲೆ ಆಗೂದಿಲ್ಲ," ಎಂದು ಹೊರಟುಹೋದ. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ವಿಜಯದಶಮಿಯ ಬೆಳಿಗ್ಗೆ ಕ್ರೇನು ಬಂತು. ಮುನವಳ್ಳಿ ಹೊಸ ಧೋತರ ಉಟ್ಟು ಬಂದ. ಅವನ ಹಿಂದೆಯೇ ಆಟೋದಿಂದ ಮಾನಪ್ಪ ಇಳಿದ. ಕಂಕುಳಲ್ಲಿ ಬಟ್ಟೆಯ ಗಂಟು. ಬಿಚ್ಚಿದರೆ ಅದೇ ಮೊದಲನೆಯ ಆರ್ಮು. ಐವತ್ತು ವರ್ಷದ ಅರಿಶಿನ ಕುಂಕುಮ ಅದರ ಮೇಲೆ ತೊಗಟೆಗಟ್ಟಿತ್ತು.

"ಇದು ತಪ್ಪಿದ ಕೆಲಸ ನೋಡ್ರಿ. ವರ್ಷಾ ಖಂಡೆ ಪೂಜಾಕ್ಕ ಸುತ್ತಿಗಿ, ಇಕ್ಕಳದ ಬಾಜೂಕ ಇದನ್ನೂ ಇಡ್ತೇನಿ, ಸೊಕ್ಕು ಬರಬಾರದು ಅಂತ. ಮೊನ್ನೆ ಹೇಳಾಕ ನಾಚಿಕಿ ಬಂತು. ನಿನ್ನೆ ಪೂಜಾದಾಗಿತ್ತು, ಪೂಜಾ ಮುಗಿಯೂತನಕ ಎಬ್ಬಸಾಕ ಬರೂದಿಲ್ಲ. ಇವತ್ತ ತಂದೇನಿ."

"ಹನ್ನೊಂದಕ್ಕ ಮುಹೂರ್ತ ಐತ್ರೀ ಅಜ್ಜಾರ," ಎಂದ ಮುನವಳ್ಳಿ.

"ಎರಡು ತಾಸು ಕೊಡ್ರಿ. ಸೀದಾ ಓಡಲಿಲ್ಲಂದ್ರ ಸಿಮೆಂಟ್ ನಾನ ಕಲಸ್ತೇನಿ."

ಕೈ ಬಾಬಾಜಾನನದು, ಮಾತು ಮಾನಪ್ಪನದು. ಓರೆ ಬುಷ್ಷು ಕಿತ್ತು, ಗ್ಯಾರೇಜಿನಲ್ಲಿದ್ದ ಒಳ್ಳೆ ರಬ್ಬರನ್ನು ಅಳತೆಗೆ ಕೊಯ್ದು ಕೂಡಿಸಿದರು. ಇನ್ನೂ ಒಂದು ನೂಲಿನ ಸಂದು ಉಳಿಯಿತು. ಅಷ್ಟಕ್ಕೆ ಪಟ್ಟಿ ಕೊಟ್ಟರೂ ಬೋಲ್ಟು ನಟ್ಟಿಗೆ ಮುಟ್ಟುತ್ತದೆ. ಮಾನಪ್ಪ ಜೇಬಿನಿಂದ ಒಂದು ಹಿತ್ತಾಳೆ ಪಟ್ಟಿ ತೆಗೆದ.

"ತ್ಯಾಪಿ ಹಚ್ಚಾಕತ್ತೇನಿ ಡಾಕ್ಟರ್ರ," ಎಂದು ಆಕಾಶ ನೋಡಿ ನಕ್ಕ. ಕಣ್ಣಲ್ಲಿ ನೀರಿತ್ತು.

ಬಾಬಾಜಾನ ಪಾನಾ ಹಾಕಿ ಬಿಗಿಯಹೊರಟ. ಮಾನಪ್ಪ ಅವನ ಕೈ ಹಿಡಿದ. "ತಡಿ. ತೂಗಹಾಕಿ ಬಿಗದಿದ್ದಕ್ಕ ರಬ್ಬರ ಹರದದ್ದು. ಮೊದಲ ನೆಲಕ್ಕ ಇಳಸು. ತನ್ನ ಭಾರ ತಾ ಹೊತ್ತ ಮ್ಯಾಲ ಬಿಗೀಬೇಕು. ಸಾವ್ಕಾರ್ರ, ನೀವೂ ಒಳಗ ಕುಂದರ್ರಿ."

ನಾನು ನೆಲಕ್ಕಿಳಿದೆ. ಮುನವಳ್ಳಿ ಕುಳಿತ. ಬೋಲ್ಟು ಬಿಗಿಯಿತು. ಎಲ್ಲೂ ನೋಯಲಿಲ್ಲ.

ಮಾನಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊರಟರು. ಉಣಕಲ್ ಕೆರೆಯ ಹತ್ತಿರ ಮುನವಳ್ಳಿ ಹೆದರುತ್ತ ಒಂದು ಕ್ಷಣ ಸ್ಟೇರಿಂಗ್ ಬಿಟ್ಟ. ನಾನು ನೂಲು ಹಿಡಿದ ಹಾಗೆ ಸೀದಾ ಓಡಿದೆ. ವಾಪಸು ಬಂದ ಮೇಲೆ ಮುನವಳ್ಳಿ ಮಾನಪ್ಪನ ಕೈಗೆ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಿದ. ಕ್ರೇನು ಖಾಲಿ ಹೋಯಿತು. ಆ ಕಟ್ಟೆಯ ಮೇಲೆ ಈಗೊಂದು ಸಿಮೆಂಟಿನ ಜಿಂಕೆ ನಿಂತಿದೆ. ಪಾಪ, ಅದು ಎಂದೂ ಓಡಿದ್ದಲ್ಲ.

ಈಗ ನಾನು ಮುದುಕಿ. ಹೋಟೆಲಿನ ಹಿಂದಿನ ನೆರಳಲ್ಲಿರುತ್ತೇನೆ, ವಾರಕ್ಕೊಮ್ಮೆ ಧಾರವಾಡದ ದಾರಿ ನೋಡಿ ಬರುತ್ತೇನೆ. ಈ ವರ್ಷ ಖಂಡೆ ಪೂಜೆಗೆ ಮಾನಪ್ಪ ಹೇಳಿಕಳಿಸಿದ: "ಪೂಜಾದಾಗ ಒಂದು ಜಾಗಾ ಖಾಲಿ ಐತಿ. ಗಾಡಿ ಕಳಸ್ರಿ." ಮುನವಳ್ಳಿ ತಾನೇ ನನ್ನನ್ನು ಓಡಿಸಿಕೊಂಡು ಹೋದ. ಅಂಗಳದಲ್ಲಿ ಸುತ್ತಿಗೆ, ಇಕ್ಕಳಗಳ ಪಕ್ಕದಲ್ಲಿ ನಿಂತೆ. ಮಾನಪ್ಪ ಬಗ್ಗಲು ನೋಡಿದ, ಬೆನ್ನು ಕೇಳಲಿಲ್ಲ. ಆಗ ಮುನವಳ್ಳಿ ಕುಂಕುಮದ ಬಟ್ಟಲು ತೆಗೆದುಕೊಂಡು, ಬಿಳಿ ಧೋತರ ಮಣ್ಣಾಗುವುದನ್ನೂ ಲೆಕ್ಕಿಸದೆ ನನ್ನ ಕೆಳಗೆ ತೆವಳಿದ.

ನನ್ನ ಮೈಮೇಲೆ ಹೊಳೆಯುವ ಭಾಗಗಳು ಬೇಕಾದಷ್ಟಿವೆ. ಅವನು ಅವೊಂದಕ್ಕೂ ಹಚ್ಚಲಿಲ್ಲ. ಒಂದು ನೂಲು ಕಡಿಮೆಯಿರುವ ಆ ತೋಳನ್ನು ತಡವರಿಸಿ ಹುಡುಕಿ, ಅದಕ್ಕೆ ಮಾತ್ರ ಹಚ್ಚಿ ಹೊರಗೆ ಬಂದ.