ಅಂಚಿನ ಗೆರೆ

ಪಿಂಗಾಣಿ ತಟ್ಟೆಗೆ ಬಣ್ಣದ ಚಿತ್ತಾರ ಬರೆಯುವುದು ನಮ್ಮ ಮನೆಯ ಕಸುಬು. ಅಂಚಿನ ಗೆರೆ ಹೆಂಗಸರ ಪಾಲು, ನಡುವಿನ ಹೂ ಗಂಡಸರ ಪಾಲು. ಮೊದಲ ಹೂ ಬರೆಯುವ ಮುನ್ನ ಒಂದು ಬಟ್ಟಲು ಕಾಡು ಅಣಬೆಯ ಕಷಾಯ ಕುಡಿಯಬೇಕು. ಅದಕ್ಕೆ ಕಣ್ಣು ತೆರೆಸುವುದು ಎಂದು ಹೆಸರು. ಕುಡಿದವರಿಗೆ ಹಗಲೆಲ್ಲ ಗೋಡೆ ಉಸಿರಾಡಿದಂತೆ ಕಾಣುತ್ತದೆ. ಕೆಲವರು ಹೆದರಿ ಮಂಚದ ಕೆಳಗೆ ಸೇರುತ್ತಾರೆ. ಸಂಜೆಗೆ ಎಲ್ಲರೂ ಬೆನ್ನು ತಟ್ಟುತ್ತಾರೆ. ಸೊಸೆಯಾಗಿ ಬಂದ ನಾನು ಇಪ್ಪತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಗೆರೆ ಎಳೆದೆ. ಆ ತಪ್ಪು ನನ್ನದೇ.

ನನ್ನ ಗಂಡ ಕುಡಿದದ್ದು ಮದುವೆಯ ಮರುವರ್ಷ. ಅಂದಿನಿಂದ ಬಿಳಿ ಗೋಡೆ ಕಂಡರೆ ಮುಖ ತಿರುಗಿಸುತ್ತಾರೆ. ಜನರ ನಡುವೆ ಇದ್ದಕ್ಕಿದ್ದಂತೆ ಎದೆ ಹಿಡಿದು ಕುಳಿತುಬಿಡುತ್ತಾರೆ. "ಅವನದು ಸೂಕ್ಷ್ಮ ಮನಸ್ಸು" ಎಂದು ಮಾವನವರು ಮಾತು ಮುಗಿಸುತ್ತಿದ್ದರು.

ಈ ವರ್ಷ ಮಗಳು ತಾನೂ ಹೂ ಬರೆಯುತ್ತೇನೆಂದಳು. ಹೆಣ್ಣಿಗೇಕೆ ಎಂದು ಗೊಣಗಿದ ಮಾವ ಮೂರೇ ದಿನಕ್ಕೆ ಮೆತ್ತಗಾದರು. ಮೊಮ್ಮಗಳೆಂದರೆ ಅವರಿಗೆ ಪ್ರಾಣ. ಬೆಳಿಗ್ಗೆ ತಾವೇ ಬಟ್ಟಲು ತಂದಿಟ್ಟರು.

"ಕುಡಿಯಮ್ಮ. ನಾನು ಕುಡಿದಿಲ್ವಾ, ನಿಮ್ಮಪ್ಪ ಕುಡಿದಿಲ್ವಾ? ಗುಂಡುಕಲ್ಲಿನ ಹಾಗಿದ್ದೀವಿ."

"ಡಾಕ್ಟರನ್ನ ಕೇಳ್ಕೊಂಡು ಬಂದಿದ್ದೀನಿ ತಾತ. ಕೆಲವರಿಗೆ ಒಂದೇ ಸಲಕ್ಕೆ ಆ ಭ್ರಮೆ, ಹೆದರಿಕೆ ವರ್ಷಗಟ್ಟಲೆ ಅಂಟ್ಕೊಳ್ಳುತ್ತಂತೆ. ಯಾರಿಗೆ ಅಂತ ಮೊದಲೇ ಹೇಳೋಕಾಗಲ್ವಂತೆ."

"ಡಾಕ್ಟರು ಹೂ ಬರೀತಾರಾ?"

ಮಗಳು ನಕ್ಕು, ಬಣ್ಣವಿಲ್ಲದ ತಟ್ಟೆಯೊಂದನ್ನು ಅವರತ್ತ ಸರಿಸಿದಳು. "ಗುಂಡುಕಲ್ಲು ಒಂದು ಗೆರೆ ಎಳೀಲಿ, ನೋಡೋಣ."

"ಗೆರೆ ಹೆಂಗಸರ ಕೆಲಸ," ಎಂದು ಮಾವ ಕೈ ಹಿಂದಕ್ಕೆ ತೆಗೆದುಕೊಂಡರು.

ಆಗ ನನ್ನ ಗಂಡ ಎದ್ದು ಬಂದು ಕುಂಚ ಹಿಡಿದರು. ಗೆರೆ ಅಂಚಿನುದ್ದಕ್ಕೂ ಏರುತ್ತಾ ಇಳಿಯುತ್ತಾ ಹೋಯಿತು.

"ಕೈ ನಡುಗಿದ್ದಲ್ಲಪ್ಪ. ನನಗೆ ಅಂಚೇ ಹರಿದಾಡೋ ಹಾಗೆ ಕಾಣುತ್ತೆ. ಹತ್ತೊಂಬತ್ತು ವರ್ಷ ಆಯ್ತು. ಹೂವಾದ್ರೆ ಎಸಳು ಸೊಟ್ಟಗಾದ್ರೂ ಚೆಂದ ಅಂತಾರೆ. ನನಗೊಬ್ಬನಿಗೇ ಹೀಗೆ ಅಂತ ನಾಚ್ಕೊಂಡು ಸುಮ್ಮನಿದ್ದೆ."

ಮಾವ ಆ ತಟ್ಟೆಯನ್ನು ಕೈಗೆತ್ತಿಕೊಂಡು ಕಣ್ಣ ಹತ್ತಿರ ಹಿಡಿದರು.

"ನಿನಗೂನಾ?" ಎಂದರು.

ನನಗೆ ಅಳು ಬಂತು. ಗಂಡಸರಿಗೆ ಹೂವೇಕೆ, ನಮಗೆ ಗೆರೆಯೇಕೆ ಎಂದು ಇಷ್ಟು ವರ್ಷ ಈ ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ.

ಮಗಳು ಕಷಾಯವನ್ನು ಬಚ್ಚಲಿಗೆ ಸುರಿದು, ಬಟ್ಟಲನ್ನು ತೊಳೆದು ತಂದು ಅದರಲ್ಲೇ ಬಣ್ಣ ಕಲಸಿದಳು. ಅಪ್ಪನ ಡೊಂಕು ಗೆರೆಯ ನಡುವೆ ಹೂ ಬರೆಯತೊಡಗಿದಳು. ಮಾವ ತಡೆಯಲಿಲ್ಲ. ಕತ್ತು ಚಾಚಿ ನೋಡಿ, ಮೆಲ್ಲಗೆ ನನ್ನನ್ನು ಕೇಳಿದರು:

"ದಂಟು ನೆಟ್ಟಗಿದೆಯೇನಮ್ಮ?"

"ನೆಟ್ಟಗಿದೆ ಮಾವ," ಎಂದೆ.